ಮೇಡಂ ಕಣ್ಣಿಗೆ ಬೀಳದ ನೀಲಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ಇವತ್ತು ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರೇ, ಭಾಷಣ ಮುಗಿದರೆ ಕಾಫಿ ಎಂದು ಆಸೆಯಿಂದ ಕೂತಿರುವ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೇಡಂ ಬಳಿ ಕಲಿತವರು ಯಾರೂ ಐದು ನಿಮಿಷದಲ್ಲಿ ಮುಗಿಸಿದ್ದಿಲ್ಲ.

ನಾವು ಮಾಡುವುದು ಬೆಳಗುವ ಅಣುಗಳನ್ನು. ನಿಮ್ಮ ಮೊಬೈಲ್ ಪರದೆಯಲ್ಲಿ ಇರುವಂಥವು. ಅಣು ಚಪ್ಪಟೆಯಾಗಿದ್ದರೆ ದ್ರಾವಣದಲ್ಲಿ ಚೆನ್ನಾಗಿ ನೀಲಿ ಬೆಳಗುತ್ತದೆ. ಅದನ್ನೇ ಗಾಜಿನ ಮೇಲೆ ಸವರಿ ಒಣಗಿಸಿದಿರೋ, ತಟ್ಟೆ ಪೇರಿಸಿದ ಹಾಗೆ ಒಂದರ ಮೇಲೊಂದು ಅಂಟಿಕೊಂಡು, ನೀಲಿ ಹೋಗಿ ಹಳದಿ ಹಸಿರಾಗುತ್ತದೆ, ಬೆಳಕೂ ಕುಂದುತ್ತದೆ. "ಮಧ್ಯೆ ಸ್ವಲ್ಪ ಜಾಗ ಇರೋ ಹಾಗೆ ಮಾಡು" ಅಂದರು ಮೇಡಂ. ಅಣುವಿನ ಎರಡೂ ಪಕ್ಕಕ್ಕೆ ದಪ್ಪನೆಯ ಪರಮಾಣು ಗುಂಪುಗಳನ್ನು ಕೂಡಿಸಿದೆ. ಬಸ್ಸಿನಲ್ಲಿ ಮೊಣಕೈ ಚಾಚಿ ಕೂರುವವರು ಇರುತ್ತಾರಲ್ಲ, ಹಾಗೆ. ಇನ್ನು ಪಕ್ಕದ್ದು ಅಂಟಿಕೊಳ್ಳುವಂತಿಲ್ಲ, ಗಾಜಿನ ಮೇಲೂ ನೀಲಿಯೇ ಉಳಿಯಬೇಕು.

ನಮ್ಮ ಪ್ರಯೋಗಾಲಯದಲ್ಲಿ ಒಂದು ಪದ್ಧತಿಯಿತ್ತು. ಕೋಣೆಯ ದೀಪ ಆರಿಸಿ, ಅತಿನೇರಳೆ ದೀಪದ ಕೆಳಗೆ ಗಾಜು ಹಿಡಿಯಬೇಕು. ಮೇಡಂ ಹೂಂ ಅಂದರಷ್ಟೇ ಅಳೆಯುವ ಯಂತ್ರಕ್ಕೆ. ಹಳೆಯ ಚಪ್ಪಟೆ ಅಣುವಿನ ಹಸಿರು ಗಾಜು ನೋಡಿ "ಪರವಾಗಿಲ್ಲ" ಅನ್ನುವವರು ನನ್ನ ಕಡುನೀಲಿ ನೋಡಿ "ಮಂಕಾಗಿದೆಯಮ್ಮ" ಅನ್ನುತ್ತಿದ್ದರು. ನನ್ನ ಕಣ್ಣಿಗೆ ಅದು ಕುಕ್ಕುತ್ತಿತ್ತು! ಉಳಿದವರೋ, ಮೇಡಂ ಹೇಳಿದ ಮೇಲೆ ಕಣ್ಣು ಕಿರಿದು ಮಾಡಿಕೊಂಡು "ಹೌದು, ಮಂಕೇ" ಅನ್ನುತ್ತಿದ್ದರು. ಅವರೆಲ್ಲ ಇಲ್ಲೇ ಇದ್ದಾರೆ, ನಗುತ್ತಿದ್ದಾರೆ. ನಾನು ಮತ್ತೆ ಮಾಡಿದೆ, ಮತ್ತೆ ಮಂಕು. ನನ್ನ ಕೈಯಲ್ಲೇ ಏನೋ ದೋಷವಿದೆ ಅನ್ನಿಸಿಬಿಟ್ಟಿತು. ಅಕ್ಕ "ಸಾಕು, ಬಿಟ್ಟು ಬಾರೇ" ಅಂದಳು. ಬಿಡುವುದೆಂದೇ ತೀರ್ಮಾನಿಸಿದ್ದೆ. ಮೇಡಂ, ಇದು ನಿಮಗೆ ಗೊತ್ತಿರಲಿಲ್ಲ, ಅಲ್ಲವೇ? ಹೋಗಲಿ, ಈಗ ಬಾಯಿಬಿಟ್ಟೆ.

ಆಗಲೇ ಒಂದು ಬೆಳಗ್ಗೆ ಮೇಡಂ ಹೊಸ ಶಾಲು ಹೊದ್ದು ಬಂದು, "ಕಪ್ಪು ನನಗೆ ಒಪ್ಪುತ್ತಾ?" ಅಂದರು. ಶಾಲು ಕಡುನೀಲಿ!

"ಮೇಡಂ, ಅದು ನೀಲಿ."

"ನನಗೇ ಬಣ್ಣ ಹೇಳಿಕೊಡ್ತೀಯಾ?"

ಬೈದವರು ಕಿಟಕಿಯ ಹತ್ತಿರ ಹೋಗಿ, ಶಾಲಿನ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅಂದೇ ಹೋಗಿ ತೋರಿಸಿಕೊಂಡಾಗ, ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂದರು. ಹಳದಿಗಟ್ಟಿದ ಪೊರೆ ಮೊದಲು ನುಂಗುವುದು ನೀಲಿಯನ್ನೇ ಅಂತೆ.

ಆಪರೇಷನ್ ಆಗಿ ಬಂದವರು ಎಲ್ಲರನ್ನೂ ಕರೆದು ದೀಪ ಆರಿಸಲು ಹೇಳಿದರು. ನಾನು ಅದೇ ಗಾಜು ಹಿಡಿದೆ. "ಅಯ್ಯೋ ಮಗಳೇ" ಅಂದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಇವಳ ಕೆಲಸ ಸರಿಯಾಗೇ ಇತ್ತು. ಕೆಟ್ಟಿದ್ದು ನನ್ನ ಕಣ್ಣು. ಇನ್ನು ಯಾರೂ ನನ್ನ ಹೂಂ ಕಾಯಬೇಡಿ, ನೇರ ಯಂತ್ರಕ್ಕೆ ಹೋಗಿ" ಅಂದರು.

ಶಿಷ್ಯರ ಎದುರು ಹೀಗೆ ಹೇಳುವ ಗುರುಗಳನ್ನು ನೀವೆಷ್ಟು ಮಂದಿ ನೋಡಿದ್ದೀರಿ? ನಾನು ಒಬ್ಬರನ್ನೇ. ಅಂದು ಅವರು ಗಾಜನ್ನು ತೆಪ್ಪಗೆ ಯಂತ್ರಕ್ಕೆ ಕಳಿಸಿದ್ದರೂ ಅಣು ಗೆಲ್ಲುತ್ತಿತ್ತು. ಆದರೆ ನನ್ನ ಕೈಯ ಮೇಲಿನ ಅನುಮಾನ ಹೋಗದೆ ನಾನು ಉಳಿಯುತ್ತಿರಲಿಲ್ಲ. ಮೇಡಂ, ನನ್ನ ಕೈಯನ್ನು ಉಳಿಸಲು ನೀವು ಎಲ್ಲರೆದುರು ನಿಮ್ಮ ಕಣ್ಣನ್ನು ಬಿಟ್ಟುಕೊಟ್ಟಿರಿ. ಇವತ್ತಿಗೂ ನಾನು ಈ ಕೆಲಸದಲ್ಲಿ ಇರುವುದು ಅದರಿಂದಲೇ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ. ಮೇಡಂ, ನಿಮಗೆ ನಮಸ್ಕಾರ.