ಬುಜ್ಜಿಯ ತಟ್ಟೆ

ದೀಪ ಇರಲಿ ಬಿಡಿ, ಆರಿಸಬೇಡಿ. ಇದು ಎಲ್ಲೋ ಯಾರೋ ಹೇಳಿದ್ದಲ್ಲ. ನಮ್ಮ ಚಿಕ್ಕಪ್ಪನ ಮಗ ಆಂಜಿಗೆ ಆಗಿದ್ದು. ಕೊನೆಯದಂತೂ ನಾನೇ ಕಿವಿಯಾರೆ ಕೇಳಿದ್ದು.

ಟೇಕಲ್ ಸ್ಟೇಷನ್ನಿಂದ ಅವನ ಮನೆಗೆ ಒಂದೂವರೆ ಮೈಲಿ. ಮನೆ ಇನ್ನು ನೂರು ಹೆಜ್ಜೆ ಇದೆ ಅನ್ನುವಾಗ ಒಂದು ಹಳೇ ಬಾವಿ ಸಿಗುತ್ತೆ. ಕಲ್ಲು ಕಟ್ಟಿದ್ದು, ಕಟ್ಟೆ ಒಂದು ಕಡೆ ಕುಸಿದುಹೋಗಿದೆ. ಅವತ್ತು ಗುರುವಾರ. ಆಂಜಿ ಬೆಂಗಳೂರಲ್ಲಿ ಒಂದು ಬೆಕ್ಕನ್ನ ಅದರ ಯಜಮಾನರಿಗೆ ಒಪ್ಪಿಸಿ, ಟ್ರೈನ್ ಇಳಿದು ನಡೆದು ಬರ್ತಿದ್ದ. ಒಂಬತ್ತು ದಾಟಿತ್ತು. ಕೈಯಲ್ಲಿ ಖಾಲಿ ಬುಟ್ಟಿ. ಬಾವಿ ಹತ್ತಿರ ಬಂದ... ಸದ್ದಾಯ್ತು.

ಟಿಣ್... ಟಿಣ್... ಟಪ್.

ಸ್ಟೀಲ್ ತಟ್ಟೆ ಅಂಚಿಗೆ ಸೌಟಿನಿಂದ ಎರಡು ಸಲ ಬಡಿದು, ಮೂರನೇ ಸಲ ಸೌಟನ್ನ ಹಾಗೇ ತಟ್ಟೆ ಮೇಲೆ ಒತ್ತಿ ಹಿಡಿದರೆ ಬರುತ್ತಲ್ಲ, ಆ ಸದ್ದು. ಅವನಿಗೆ ಅದು ಚೆನ್ನಾಗಿ ಗೊತ್ತು. ಹೆಂಡತಿ ಮೇಘನ ಬುಜ್ಜಿಗೆ ಅನ್ನ ಹಾಕ್ತಿದ್ದಾಳೆ ಅಂದುಕೊಂಡ. ಬುಜ್ಜಿ ಅಂದರೆ ನಾಯಿ.

ಮನೆಗೆ ಬಂದರೆ ಮೇಘನ ಇನ್ನೂ ಅನ್ನ ಬಸೀತಾ ಇದ್ದಳು. ಬುಜ್ಜಿಯ ತಟ್ಟೆ ಗೋಡೆಯ ಗೂಡಿನಲ್ಲಿ ಒಣಗಿಕೊಂಡು ಕೂತಿತ್ತು. ನೀವೇ ಬಂದು ಹಾಕ್ತೀನಿ ಅಂದಿದ್ರಲ್ಲ, ಅದಕ್ಕೆ ಹಾಕಿಲ್ಲ ಅಂದಳು. ಬುಜ್ಜಿ ಮಾತ್ರ ಗೇಟಿನ ಹತ್ತಿರ ನಿಂತಿತ್ತು. ಮುಖ ಬಾವಿಯ ಕಡೆಗೆ. ಬಾಲ ಆಡಿಸ್ತಾ ಇತ್ತು...

ಹಿಂದಿನದು ಸ್ವಲ್ಪ ಹೇಳಿಬಿಡ್ತೀನಿ. ಆಂಜಿ ಹನ್ನೊಂದು ವರ್ಷ ಮಾಲೂರಿನ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ಮುಂದೆ ನಿಂತವನು. ಒಂದು ದಿನ ಬೇಡ ಅಂತ ಬಿಟ್ಟುಬಿಟ್ಟ. ಪ್ರವಾಸಕ್ಕೋ ಆಸ್ಪತ್ರೆಗೋ ಹೋಗುವವರ ನಾಯಿ ಬೆಕ್ಕು ನೋಡಿಕೊಳ್ಳುವ ಕೆಲಸ ಶುರು ಮಾಡ್ತೀನಿ ಅಂದ. ಅವರಪ್ಪ ರೇಷ್ಮೆ ಹುಳ ಸಾಕುತ್ತಿದ್ದ ಹುಳು ಮನೆ ಖಾಲಿ ಬಿದ್ದಿತ್ತು. ಕಿಟಕಿಗೆಲ್ಲ ಜಾಲರಿ, ಒಳಗೆ ತಂಪು. ಸುಣ್ಣ ಹೊಡೆದು ಅದನ್ನೇ ನಾಯಿಗಳಿಗೆ ಮಾಡಿದ. ಇರಲಾರದೆ ಇರುವೆ ಬಿಟ್ಟುಕೊಂಡ ಅಂತ ಊರೆಲ್ಲ ಆಡಿಕೊಂಡಿತು. ನಾನೂ ನಕ್ಕಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಕಚ್ಚೋ ನಾಯಿಯೂ ಅವನ ಕೈಗೆ ಒಗ್ಗುತ್ತಿತ್ತು. ಆರು ತಿಂಗಳಲ್ಲಿ ಜನ ಹುಡುಕಿಕೊಂಡು ಬರೋಕೆ ಶುರು ಮಾಡಿದರು. ಅವನ ಮುಖದಲ್ಲಿ ಅಷ್ಟು ಖುಷಿ ನಾನು ಅವನ ಮದುವೆ ದಿನವೂ ಕಂಡಿರಲಿಲ್ಲ.

ಹಾಗೆ ಬಂದವರು ವೆಂಕಟರತ್ನಮ್ಮ. ಮಾಲೂರಲ್ಲಿ ಟೀಚರ್ ಆಗಿದ್ದು ರಿಟೈರ್ ಆದವರು, ಮಕ್ಕಳಿಲ್ಲ. ಬೆಂಗಳೂರಲ್ಲಿ ಹೃದಯದ ಆಪರೇಷನ್ ಇತ್ತು. ಬುಜ್ಜಿ ಅವರದೇ. ಬಿಳೀ ಪಾಮೇರಿಯನ್, ಮುದಿಯಾಗಿತ್ತು, ಎರಡೂ ಕಣ್ಣಿಗೆ ಪೊರೆ ಬಂದು ಪೂರ್ತಿ ಕುರುಡು. ತಟ್ಟೆ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗಬೇಕಾದರೆ ಸದ್ದು ಮಾಡಬೇಕು. ಅವರು ಬಾವಿ ಕಟ್ಟೆ ಮೇಲೆ ಕೂತು ಅದು ಹೇಗೆ ಅಂತ ತೋರಿಸಿಕೊಟ್ಟರು. ಟಿಣ್, ಟಿಣ್, ಟಪ್. ಬುಜ್ಜಿ ಸದ್ದು ಹಿಡಿದು ನೇರವಾಗಿ ಬಂದು ಬಾಯಿ ಹಾಕಿತು. ಹೋಗುವಾಗ ಆ ಅಮ್ಮ ಆಂಜಿಯ ಕೈ ಹಿಡಿದುಕೊಂಡರು.

"ನಾನು ಬಂದು ಕರೆಯೋಗಂಟ ಎಲ್ಲಿಗೂ ಕಳಿಸಬ್ಯಾಡ ನಾಯನಾ. ಇದಕ್ಕೆ ದಾರಿ ಕಾಣಲ್ಲ."

ಆಂಜಿ ನಾಯಿಯ ತಲೆ ಮುಟ್ಟಿ ಹೇಳಿದ. "ನೀವು ಬಂದು ಕರೆದಾಗ ಇಲ್ಲೇ ಇರ್ತದಮ್ಮ."

ಮೊದಲೆರಡು ದಿನ ಬುಜ್ಜಿ ತಿನ್ನಲೇ ಇಲ್ಲ. ತಟ್ಟಿದರೆ ಬರುತ್ತೆ, ಮೂಸುತ್ತೆ, ಹಿಂದೆ ಸರಿಯುತ್ತೆ. ಮೂರನೇ ರಾತ್ರಿ ಆಂಜಿಗೆ ಒಂದು ಉಪಾಯ ಹೊಳೆಯಿತು. ಅನ್ನ ಕೈಯಲ್ಲಿ ಹಿಡಿದು, ಅವರ ಹೆಸರು ಹೇಳಿ ಕರೆದ. ವೆಂಕಟರತ್ನಮ್ಮೋರು ಬರ್ತಾರೆ ಬುಜ್ಜಿ, ಬರ್ತಾರೆ, ಉಣ್ಣು ಅಂದ. ಹೆಸರು ಕಿವಿಗೆ ಬಿದ್ದದ್ದೇ ತಡ, ತಿಂದಿತು. ಅಲ್ಲಿಂದ ದಿನಾ ಅದೇ ರೂಢಿ. ಆ ಗುರುವಾರ ರಾತ್ರಿಯೂ ಕರೆದ. ಶುಕ್ರವಾರ, ಶನಿವಾರ, ಭಾನುವಾರ ಕೂಡ.

ಸೋಮವಾರ ಅವರ ತಂಗಿ ಮಗ ಭೀಮರಾಜ್ ಅನ್ನುವವನು ಫೋನ್ ಮಾಡಿದ. ದೊಡ್ಡಮ್ಮ ಗುರುವಾರ ಸಾಯಂಕಾಲವೇ ತೀರಿಕೊಂಡರು, ಗಡಿಬಿಡಿಯಲ್ಲಿ ಹೇಳೋಕಾಗಲಿಲ್ಲ, ಆ ಕುರುಡು ನಾಯಿ ನಮಗೆ ಬೇಡ, ಎಲ್ಲಾದರೂ ಬಿಟ್ಟುಬಿಡಿ ಅಂದ.

ಆಂಜಿ ಫೋನ್ ಇಟ್ಟು ಮನೆಯವರಿಗೆ ಹೇಳಿದ. ಅವನ ತಾಯಿ ಮುನಿಯಲ್ಲಮ್ಮ ಅಲ್ಲೇ ಅವರೆಕಾಯಿ ಬಿಡಿಸ್ತಾ ಕೂತಿದ್ದಳು. ವಿಷಯ ಕೇಳಿ ಅವಳ ಕೈ ನಿಂತಿತು.

"ನಾಕು ದಿನ ಅನ್ನ ಹಿಡಕೊಂಡು ಅವರ ಹೆಸರು ಕರೆದಿದೀಯ ಕಣೋ..."

ಸತ್ತವರಿಗೆ ಹನ್ನೊಂದು ದಿನ ತುಂಬಿ, ಎಡೆ ಇಟ್ಟು ಕಳಿಸಿಕೊಡುವವರೆಗೂ ಕೈಯಲ್ಲಿ ಅನ್ನ ಇಟ್ಟುಕೊಂಡು ಹೆಸರು ಕರೆಯಬಾರದು. ಕರೆದರೆ ಬರ್ತಾರೆ. ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತಿರೋ ಮಾತು. ಆದರೆ ಸತ್ತಿದ್ದಾರೆ ಅಂತಲೇ ಅವನಿಗೆ ಯಾರೂ ಹೇಳಿರಲಿಲ್ಲ, ಅವನೇನು ಮಾಡಿಯಾನು ಪಾಪ.

ಅವತ್ತಿನಿಂದ ಆಂಜಿ ಕರೆಯೋದನ್ನ ನಿಲ್ಲಿಸಿದ. ಸದ್ದು ನಿಲ್ಲಲಿಲ್ಲ. ದಿನಾ ಒಂಬತ್ತೂ ಹತ್ತಕ್ಕೆ ಬಾವಿ ಕಡೆಯಿಂದ... ಟಿಣ್... ಟಿಣ್... ಟಪ್. ಬುಜ್ಜಿ ಎದ್ದು ನೇರ ಗೇಟಿಗೆ ಹೋಗಿ ಕಂಬಿ ಕೆರೆಯೋದು. ಗೇಟು ತೆಗೆದರೆ ಕುರುಡು ನಾಯಿ ಕುಸಿದ ಕಟ್ಟೆಯಿಂದ ಸೀದಾ ಬಾವಿಗೆ. ಹನ್ನೊಂದು ದಿನ ಕಳೆಯಿತು. ಆದರೂ ನಿಲ್ಲಲಿಲ್ಲ. ಹುಳು ಮನೆಯಲ್ಲಿದ್ದ ಬೇರೆ ನಾಲ್ಕು ನಾಯಿಗಳು ಊಟ ಬಿಟ್ಟವು. ಬೊಗಳೋದೂ ಬಿಟ್ಟು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿರ್ತಿದ್ದವು. ಅವುಗಳಲ್ಲಿ ಒಂದು ಸತ್ತರೂ ಆಂಜಿಯ ಕೆಲಸ ಮುಗಿದಂತೆಯೇ. ಬುಜ್ಜಿ ಇಲ್ಲಿರೋಗಂಟ ಆ ಅಮ್ಮ ಹೋಗಲ್ಲ ಅಂದಳು ಮುನಿಯಲ್ಲಮ್ಮ.

ಒಂದು ಮಧ್ಯಾಹ್ನ ಆಂಜಿ ಬುಜ್ಜಿಯನ್ನ ಟೊಮೆಟೊ ಕ್ರೇಟಿನಲ್ಲಿ ಕೂರಿಸಿ, ಅದರ ತಟ್ಟೆಯನ್ನೂ ಜೊತೆಗಿಟ್ಟು ಬೈಕಿಗೆ ಕಟ್ಟಿದ. ಮಾಲೂರಿನ ಆಚೆ ಇಟ್ಟಿಗೆ ಗೂಡುಗಳ ಹತ್ತಿರ ಇಳಿಸಿದ. ಕೆಲಸದವರು ಯಾರಾದರೂ ಅನ್ನ ಹಾಕ್ತಾರೆ ಅಂತ ತನಗೆ ತಾನೇ ಹೇಳಿಕೊಂಡನಂತೆ. ಬುಜ್ಜಿ ಬೈಕಿನ ಸದ್ದು ಹಿಡಿದು ಸ್ವಲ್ಪ ದೂರ ಓಡಿ ಬಂತು. ಒಂದು ಲಾರಿ ಹಾದುಹೋಯಿತು, ಸದ್ದು ತಪ್ಪಿತು. ನಿಂತು, ಇನ್ನೊಂದು ಕಡೆ ಮುಖ ಮಾಡಿ ಬಾಲ ಆಡಿಸ್ತಾ ಇತ್ತಂತೆ. ಇದನ್ನ ನನಗೆ ಹೇಳುವಾಗ ಅವನು ಅತ್ತ.

ಆ ರಾತ್ರಿ ಒಂಬತ್ತೂ ಹತ್ತಕ್ಕೆ ಏನೂ ಇಲ್ಲ. ಒಂಬತ್ತೂವರೆ... ಇಲ್ಲ. ಎಷ್ಟೋ ದಿನದ ಮೇಲೆ ಎಲ್ಲರೂ ನೆಮ್ಮದಿಯಾಗಿ ಮಲಗಿದರು.

ಹತ್ತು ಗಂಟೆಗೆ ಗೇಟಿನ ಹತ್ತಿರ. ಟಿಣ್... ಟಿಣ್... ಟಪ್.

ಆಮೇಲೆ ಹುಳು ಮನೆ ಬಾಗಿಲಲ್ಲಿ. ಅಲ್ಲಿದ್ದ ನಾಯಿಗಳಲ್ಲಿ ಯಾವುದೂ ಅವರದಲ್ಲವಲ್ಲ... ಚಪ್ಪಲಿ ಎಳೆದುಕೊಂಡು ಬರುವ ಸದ್ದು, ಸರ್... ಸರ್... ಆಮೇಲೆ ಮನೆಯ ಹೊಸ್ತಿಲಲ್ಲೇ ತಟ್ಟೆ ಬಡಿಯಿತು. ಬುಜ್ಜೀ, ರಾ ನಾಯನಾ, ಬಾ... ಅಂತ ಸಣ್ಣಗೆ ಕರೆದದ್ದು ಮೇಘನಳಿಗೂ ಕೇಳಿಸಿತು. ಆಮೇಲೆ ಅದೇ ಧ್ವನಿ, ಬಾಗಿಲ ಸಂದಿಯಿಂದ.

"ಆಂಜಿ... ನಾನು ಬಂದು ಕರೀತಾ ಇದೀನಿ."

ಮೇಘನ ಅವನ ಷರಟು ಬಿಗಿಯಾಗಿ ಹಿಡಿದುಕೊಂಡಿದ್ದಳು. ಮತ್ತೆ ತಟ್ಟೆ ಬಡಿಯಿತು, ಒಂದು... ಎರಡು... ಮೂರನೆಯದಕ್ಕೆ ಆಂಜಿ ಚಾಪೆಯಿಂದ ಎದ್ದ. ಕಾಲ ಮೇಲೆ ನಿಲ್ಲಲಿಲ್ಲ. ಕೈ, ಮೊಣಕಾಲು ಊರಿಕೊಂಡೇ ಬಾಗಿಲಿಗೆ ಹೋದ. ಕಣ್ಣು ಗಟ್ಟಿಯಾಗಿ ಮುಚ್ಚಿದ್ದ. ಅಗುಳಿಯನ್ನ ತಡವಿ ತಡವಿ ತೆಗೆದ. ಇದನ್ನ ಮೇಘನ ನನ್ನ ಹೆಂಡತಿಗೆ ಒಂದೇ ಒಂದು ಸಲ ಹೇಳಿದ್ದು, ಆಮೇಲೆ ಆ ಮಾತೇ ಎತ್ತಿಲ್ಲ. ಅವಳೂ ಅತ್ತೆಯೂ ಓಡಿಹೋಗಿ ಹಿಡಿಯುವ ಹೊತ್ತಿಗೆ ಅವನು ಬಾವಿಯ ಕುಸಿದ ಕಟ್ಟೆಯ ಅಂಚಿಗೆ ಹೋಗಿ ಆಗಿತ್ತು. ತಲೆ ಒಳಕ್ಕೆ ಬಾಗಿತ್ತು.

ಬೆಳಿಗ್ಗೆ ನನಗೆ ಫೋನ್ ಬಂತು. ನಾನೂ ಆಂಜಿಯೂ ಇಟ್ಟಿಗೆ ಗೂಡುಗಳ ಹತ್ತಿರ ಹೋಗಿ ಸಂಜೆವರೆಗೂ ಹುಡುಕಿದೆವು. ಬಿಳೀ ನಾಯಿಯನ್ನ ಯಾರೂ ನೋಡಿರಲಿಲ್ಲ. ಕ್ರೇಟು ಬಿದ್ದಿತ್ತು. ತಟ್ಟೆ ಇರಲಿಲ್ಲ. ಆಂಜಿ ಪೊದೆ ಪೊದೆಗೂ ಹೋಗಿ ಬುಜ್ಜಿ, ಬುಜ್ಜಿ ಅಂತ ಕರೆದ. ಕತ್ತಲಾದ ಮೇಲೆ ನಾನೇ ಎಳೆದುಕೊಂಡು ಬಂದೆ.

ಹುಳು ಮನೆಗೆ ಬೀಗ ಬಿತ್ತು. ಬಾವಿಯನ್ನ ನಾವೇ ಮುಂದೆ ನಿಂತು ಮುಚ್ಚಿಸಿದೆವು. ಹದಿನಾಲ್ಕು ಟ್ರ್ಯಾಕ್ಟರ್ ಮಣ್ಣು ಹಿಡಿಯಿತು. ಈಗ ಅದರ ಮೇಲೆ ಹುಲ್ಲು ಬೆಳೆದಿದೆ, ಬೇಕಾದರೆ ಹೋಗಿ ನೋಡಿ.

ಹೋದ ತಿಂಗಳು ನಾನು ಅಲ್ಲಿ ಉಳಿದುಕೊಂಡಿದ್ದೆ. ಎಂಟೂವರೆಗೆ ಮೇಘನ ಮುದ್ದೆ ಸಾರು ಬಡಿಸಿದಳು. ಆಂಜಿ ತಟ್ಟೆ ಮುಂದೆ ಕೂತ. ಕೈ ಹಾಕಲಿಲ್ಲ. ಹಸಿವಿಲ್ಲವೇನೋ ಅಂತ ಕೇಳಿದೆ, ಹಸಿವಿದೆ ಅಣ್ಣ ಅಂದ. ಸುಮ್ಮನೆ ಕೂತಿದ್ದ. ಮುನಿಯಲ್ಲಮ್ಮನೂ ಕೂತಿದ್ದಳು. ಮೇಘನ ಗೋಡೆಗೆ ಒರಗಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನೂ ಯಾಕೋ ಮುದ್ದೆ ಮುರಿಯಲಿಲ್ಲ...

ಹೊರಗಿನಿಂದ ಕೇಳಿಸಿತು. ಟಿಣ್... ಟಿಣ್... ಟಪ್.

ಆಂಜಿ ತಲೆ ಬಗ್ಗಿಸಿ ಉಣ್ಣೋಕೆ ಶುರು ಮಾಡಿದ. ಮೇಘನ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ ಹೇಳಿದಳು, "ಈಗ ಊಟ ಮಾಡಿ ಭಾವ. ಮುದ್ದೆ ಆರಿಹೋಯ್ತು."

ನಾನು ಗಡಿಯಾರ ನೋಡಿದೆ. ಒಂಬತ್ತೂ ಹತ್ತು. ನನ್ನ ಮಕ್ಕಳಾಣೆ, ಇದು ನಡೆದದ್ದು.