ಒಡೆದ ಬಣ್ಣ

ಬಣ್ಣದಂಗಡಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಬುಕ್‌ಬೈಂಡರ್ ಮತ್ತು ಅವನ ಹೆಂಡತಿ ನಿಂತಿದ್ದರು. ಅವನ ಕೈಯಲ್ಲಿದ್ದ ಡಬ್ಬಿಯ ಬಣ್ಣ ಹಾಲೊಡೆದಂತಾಗಿತ್ತು.

“ನೀರಲ್ಲಿ ಕಲಸೋ ಬಣ್ಣಕ್ಕೆ ಸೀಮೆಎಣ್ಣೆ ಯಾಕ್ರೀ ಸುರಿದ್ರಿ?”

“ಗಟ್ಟಿಯಾಗಿತ್ತು ಕಣೇ. ಒಡೆದ್ಮೇಲೆ ಬಿಸಿನೀರೂ ಹಾಕ್ದೆ. ನನ್ನ ಗೋಂದು ಒಣಗಿ ಕಲ್ಲಾದ್ರೂ ನೀರು ಹಾಕಿದ್ರೆ ಸರಿಹೋಗುತ್ತಲ್ಲ.”

“ಗೋಂದಿಗೆ ನೀರಂದ್ರೆ ಪ್ರಾಣ. ಬಣ್ಣದ ಪುಡಿಗೆ ನೀರು ಕಂಡ್ರಾಗಲ್ಲ, ಡಬ್ಬಿಯಲ್ಲಿ ಹೇಗೋ ಅದರ ಜೊತೆ ಹೊಂದ್ಕೊಂಡಿರುತ್ತೆ. ಒಂದ್ಸಲ ಒಡೆದ್ರೆ ಮತ್ತೆ ಕೂಡಲ್ಲ ಅಂತ ಅಂಗಡಿಯವ್ರು ಡಬ್ಬಿ ಕೊಡುವಾಗ್ಲೇ ಬಡ್ಕೊಂಡ್ರು.”

“ಕೋಣೇದು ಒಂದು ಗೋಡೆ ಆಗಿದೆಯಲ್ಲ.”

“ನಾಳೆ ಮಗಳು ಆಸ್ಪತ್ರೆಯಿಂದ ಕೂಸು ಎತ್ಕೊಂಡು ಬರ್ತಾಳೆ. ಉಳಿದ ಮೂರು?”

“ಹೊಸ ಡಬ್ಬಿ ತಗೊಳ್ಳೋಣ. ನೀನೇ ಕಲಸು.”

“ಬಳಿಯೋದೂ ನಾನೇ. ನೀವು ಏಣಿ ಹಿಡ್ಕೊಂಡ್ರೆ ಸಾಕು.”

ಅಂಗಡಿಯವರು ಹೊಸ ಡಬ್ಬಿ ಮುಂದಿಟ್ಟರು. ಅವಳು ಎತ್ತಿಕೊಂಡು ಹೊರಟಳು. ಅವನು ಕೈ ಚಾಚಿದರೂ ಕೊಡಲಿಲ್ಲ.