ಖಾಲಿ ತೊಟ್ಟಿಯ ಭಾನುವಾರ

...ಯೂನಿವರ್ಸಿಟಿಯೋರು ಕಳಿಸಿರೋ ಆ ಪುಸ್ತಕದಲ್ಲಿ ಬರ್ದಿರೋದು ಸುಳ್ಳು ಅಂತ ಈ ಅಜ್ಜಿ ಅಂದ್ಳಾ ಮೇಘಾ? ಮೊದಲು ಬೈಬಲ್ ಶಾಲೆ, ಆಮೇಲೆ ಕಾಲೇಜು, ಈಗ ಯೂನಿವರ್ಸಿಟಿ, ಎಲ್ಲ ಸರಿಯಾಗೇ ಹಾಕವ್ರೆ. ಆದ್ರೆ ಈಗ ನಿಂಗೆ ಸೀಟು ಕೊಟ್ಟಿದ್ಯಲ್ಲ ಆ ಯೂನಿವರ್ಸಿಟಿ, ನಾನು ಕಂಡಾಗ ಅದು ಒಂದು ಹೆಂಚಿನ ಮನೆ, ಪಕ್ಕದಲ್ಲಿ ಒಂದು ತಗಡಿನ ಶೆಡ್ಡು, ಅಷ್ಟೇ ಕಣೇ. ವಾರವೆಲ್ಲ ಶೆಡ್ಡಲ್ಲಿ ಕ್ಲಾಸು, ಭಾನುವಾರ ಅದೇ ಬೆಂಚುಗಳನ್ನ ತಿರುಗಿಸಿ ಹಾಕಿದ್ರೆ ಪ್ರಾರ್ಥನೆ ಮನೆ. ಲೈಬ್ರರಿ ಅಂದ್ರೆ ಎರಡು ಬೀರು, ಅದ್ರಲ್ಲಿ ಒಂದರ ಬೀಗ ಕೆಟ್ಟಿತ್ತು. ಮಳೆ ಬಂದ್ರೆ ತಗಡಿನ ಸದ್ದಿಗೆ ಮೇಷ್ಟ್ರು ಮಾತು ಕೇಳ್ಸದೆ ಪಾಠ ನಿಲ್ಲಿಸಿಬಿಡೋರು. ಸುತ್ತಲೂ ನಮ್ಮೂರ ಹೊಲ. ಜಯನಗರ ಅಂತ ಹೆಸರಿಟ್ಟಿದ್ರು, ಕಲ್ಲು ನೆಟ್ಟು ಸೈಟು ಮಾಡಿದ್ರು, ಮನೆಗಳು ಮಾತ್ರ ಅಲ್ಲೊಂದು ಇಲ್ಲೊಂದು. ಸಂಜೆಯಾದ್ರೆ ಬನಶಂಕರಿ ಕಡೆಯಿಂದ ನರಿ ಕೂಗೋದು ಕೇಳ್ಸೋದು. ನಗಬೇಡ, ನಿಜ ಹೇಳ್ತಿದೀನಿ.

ನಮ್ಮಪ್ಪನ ಹೊಲ ಬಡಾವಣೆಗೆ ಹೋಗಿ, ಬಾವಿ ಸುತ್ತ ಒಂದು ಮುಕ್ಕಾಲು ಎಕರೆ ಉಳ್ಕೊಂಡಿತ್ತು. ಮುಕ್ಕಾಲೋ, ಅರ್ಧವೋ, ಇರ್ಲಿ ಬಿಡು. ಅದ್ರಲ್ಲಿ ಹರಿವೆ ಸೊಪ್ಪು, ದಂಟು, ಕೊತ್ತಂಬರಿ ಹಾಕಿ ಮಾರ್ಕೆಟ್ಟಿಗೆ ಹೊರೋರು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ನಮ್ಮೂರಲ್ಲಿ ಹೆಣ್ಣುಮಕ್ಕಳಲ್ಲಿ ನಾನೇ ಮೊದಲು. ಪಾಸಾಗಿ ಏನು ಮಾಡ್ತೀಯ, ಮನೇಲಿ ಕೂತು ಸೊಪ್ಪು ಬಿಡಿಸ್ತಿದ್ದೆ. ಆಗ ಕಾಲೇಜಿನೋರು, ಆ ಹೆಂಚಿನ ಮನೇಲಿದ್ದ ಹುಡುಗೀರ ಹಾಸ್ಟೆಲ್ಲಿನ ಉಗ್ರಾಣ ನೋಡ್ಕೊಳ್ಳೋಕೆ, ಲೆಕ್ಕ ಬರೆಯೋಕೆ ಬರೋಳು ಒಬ್ಬಳು ಬೇಕು ಅಂತ ಹೇಳಿ ಕಳಿಸಿದ್ರು. ಊರೆಲ್ಲ ಗುಸುಗುಸು. ‘ಅವ್ರು ನೀರಲ್ಲಿ ಮುಳುಗಿಸಿ ಜಾತಿ ಕೆಡಿಸ್ತಾರಂತೆ’ ಅಂತ. ಮೂರನೇ ದಿನ ಅಪ್ಪ ಕರೆದು, ‘ಹೋಗು ಗೌರಿ. ಆದ್ರೆ ಅವ್ರ ದೇವ್ರ ವಿಷ್ಯ ಏನೂ ಕೇಳ್ಬೇಡ, ತಲೆ ತಗ್ಗಿಸ್ಕಂಡ್ ಹೋಗು, ತಲೆ ತಗ್ಗಿಸ್ಕಂಡ್ ಬಾ. ಒಂದೇ ಒಂದು ದೂರು ಬಂದ್ರೂ ಕೆಲ್ಸ ಬಿಡ್ಸಿ ಮಾಗಡಿಗೆ ಕಳಿಸ್ತೀನಿ, ನಿನ್ನ ಸೋದರಮಾವ ಮದುವೆಗೆ ಕಾಯ್ತಾ ಕೂತವ್ನೆ’ ಅಂದ್ರು. ಸೋದರಮಾವ ಕೆಟ್ಟೋನಲ್ಲ ಪಾಪ. ನಂಗೆ ಮಾಗಡಿ ಬೇಡವಾಗಿತ್ತು. ನಂಗೆ ಆ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು ಓಡಾಡೋದೇ ಬೇಕಾಗಿತ್ತು. ಹಂಗಿತ್ತು ನನ್ನ ಆಸೆ.

ಆ ಕಾಲೇಜಿನೋರು ಬ್ಯಾಪ್ಟಿಸ್ಟರು. ಹಂಗಂದ್ರೆ ಗೊತ್ತಾ ನಿಂಗೆ? ಕ್ರೈಸ್ತರಲ್ಲೇ ಒಂದು ಪಂಗಡ. ಬೇರೆ ಪಂಗಡದೋರು ಎಷ್ಟೋ ಜನ ಎಳೆಮಗೂಗೇ ತಲೆ ಮೇಲೆ ನೀರು ಹಾಕಿ ಮುಗಿಸ್ತಾರೆ. ಇವ್ರಲ್ಲಿ ಹಂಗಿಲ್ಲ. ಬುದ್ಧಿ ಬಂದ ಮೇಲೆ ಅವರೇ ಬಾಯಿಬಿಟ್ಟು ನಂಬ್ತೀನಿ ಅಂತ ಹೇಳ್ಬೇಕು, ಹೇಳಿ ನೀರಲ್ಲಿ ಪೂರ್ತಿ ಮುಳುಗಿ ಏಳ್ಬೇಕು. ದೀಕ್ಷಾಸ್ನಾನ ಅಂತಾರೆ. ಇದೆಲ್ಲ ಈಗ ಗಿಣಿ ಥರ ಹೇಳ್ತೀನಿ, ಆಗ ನಂಗೇನು ಗೊತ್ತು. ಅಪ್ಪ ಕೇಳ್ಬೇಡ ಅಂದಿದ್ರಲ್ಲ, ನಾನು ಕೇಳ್ಲಿಲ್ಲ. ಮುಳುಗೋದು ಅಂದ್ರೆ ಎಲ್ಲೋ ಹೊಳೇಲಿ ಅನ್ಕೊಂಡಿದ್ದೆ.

ಆ ವರ್ಷ ಬೇಸಿಗೆ, ಏನು ಹೇಳ್ತೀಯ, ನಲ್ಲಿಯಿಂದ ಗಾಳಿ ಬರೋದು. ಕಾರ್ಪೊರೇಷನ್ ನೀರು ದಿನ ಬಿಟ್ಟು ದಿನ, ಅದೂ ದಾರದಷ್ಟು. ಊರ ಸೇದೋ ಬಾವಿಲಿ ಕೆಸರು ಬರ್ತಿತ್ತು. ನಮ್ಮಪ್ಪನ ಬಾವಿಲಿ ಮಾತ್ರ ಒಂದಿಷ್ಟು ಇತ್ತು, ಅದನ್ನ ಅವ್ರು ಸೊಪ್ಪಿನ ಮಡಿಗೆ ಅಂತ ಎತ್ತಿಟ್ಟಿದ್ರು, ಯಾರಿಗೂ ಒಂದು ಬಿಂದಿಗೆ ಬಿಡ್ತಿರ್ಲಿಲ್ಲ. ನಾನು ಕೆಲ್ಸಕ್ಕೆ ಸೇರಿ ಎರಡು ತಿಂಗಳು. ಒಂದು ಶನಿವಾರ ಹಾಸ್ಟೆಲ್ಲಿನ ಹುಡುಗೀರೆಲ್ಲ ಹಾಡು ಕಲಿಯೋಕೆ ಅಂತ ದಂಡಿಗೆ, ಅಂದ್ರೆ ಕಂಟೋನ್ಮೆಂಟಿಗೆ ಹೋದ್ರು, ಕಾಲೇಜಲ್ಲಿ ಉಳಿದೋಳು ನಾನೊಬ್ಬಳೇ. ಹೋಗ್ತಾ ವಾರ್ಡನಮ್ಮ, ‘ಗೌರಿ, ನಾಳೆ ಕಮಿಟಿ ಹಿರಿಯರು ಬರ್ತಾರೆ, ಪರವೂರಿಂದ ನೆಂಟರೂ ಬರ್ತಾರೆ, ಎಲ್ಲ ಚೊಕ್ಕಟವಾಗಿರ್ಲಿ’ ಅಂದ್ರು. ಚೊಕ್ಕಟ ಮಾಡೋಕೆ ನೀರೆಲ್ಲಿ? ಹುಡುಕ್ಕೊಂಡು ಶೆಡ್ಡಿನ ಹಿಂದಕ್ಕೆ ಹೋದ್ರೆ ಹಲಗೆ ಮುಚ್ಚಿರೋ ಸಿಮೆಂಟಿನ ತೊಟ್ಟಿ. ಹಲಗೆ ಸರಿಸಿದೆ. ಕನ್ನಡಿ ಥರ ನೀರು, ಎದೆಮಟ್ಟ. ಇಳಿಯೋಕೆ ಮೆಟ್ಟಿಲು ಬೇರೆ. ಬಿಂದಿಗೆ ತುಂಬ್ಕೊಳ್ಳೋಕೆ ಅನುಕೂಲ ಆಗ್ಲಿ ಅಂತ ಮೆಟ್ಟಿಲು ಇಟ್ಟವ್ರೆ, ಎಂಥ ಬುದ್ಧಿವಂತರು ಅಂದ್ಕೊಂಡೆ ನಾನು.

ಆಮೇಲೆ ಕೇಳ್ಬೇಡ. ಪಾತ್ರೆ ಎಲ್ಲ ಬೆಳಗಿದೆ, ಅಡುಗೆಮನೆ ತೊಳೆದೆ, ಹಾಸ್ಟೆಲ್ ತೊಳೆದೆ, ಶೆಡ್ಡಿನ ನೆಲ ಉಜ್ಜಿದೆ, ಬೆಂಚಿಗೂ ನೀರು ಹೊಡೆದೆ. ಇನ್ನೂ ಬೇಕಾದಷ್ಟಿತ್ತು. ಆಗ ನನ್ನ ತಲೆಗೆ ದೊಡ್ಡಸ್ತಿಕೆ ಏರ್ತು ನೋಡು. ಬೇಲಿ ಹತ್ರ ನಮ್ಮೂರ ತಿಮ್ಮಕ್ಕ ಖಾಲಿ ಬಿಂದಿಗೆ ಹಿಡ್ಕೊಂಡು ಹೋಗ್ತಿದ್ರು. ‘ಬನ್ನಿ ತಿಮ್ಮಕ್ಕ, ನಮ್ಮ ಕಾಲೇಜಲ್ಲಿ ನೀರೈತೆ’ ಅಂದೆ. ನಮ್ಮ ಕಾಲೇಜು. ಎರಡು ತಿಂಗಳಿಗೇ ನಮ್ಮ ಕಾಲೇಜು. ತಿಮ್ಮಕ್ಕ ಹೋಗಿ ಹೇಳಿದ್ದೇ ತಡ, ಊರಿನ ಹೆಂಗಸರೆಲ್ಲ ಸಾಲಾಗಿ ಬಂದ್ರು. ಸಂಜೆ ಹೊತ್ತಿಗೆ ತೊಟ್ಟಿ ತಳದಲ್ಲಿ ಪಾದ ಮುಳುಗೋಷ್ಟೂ ಉಳೀಲಿಲ್ಲ. ನಾನು ಹಲಗೆ ಮುಚ್ಚಿ, ಖುಷಿಯಾಗಿ ಮನೆಗೆ ಹೋಗಿ ಮಲ್ಕೊಂಡೆ.

ಭಾನುವಾರ ಬೆಳಿಗ್ಗೆ ಹೋದ್ರೆ ತೊಟ್ಟಿ ಸುತ್ತ ಜನ. ಎಸ್ತೇರು ಅಂತ ಹಾಸ್ಟೆಲ್ ಹುಡುಗಿ, ಬಿಳಿ ಸೀರೆ ಉಟ್ಕೊಂಡು ತಲೆ ಬಗ್ಗಿಸಿ ನಿಂತಿದ್ಳು. ಪಕ್ಕದಲ್ಲಿ ಅವಳ ತಾಯಿ, ಆಂಧ್ರದ ಒಂಗೋಲಿಂದ ರೈಲಲ್ಲಿ ಬಂದಿದ್ರು, ಆಸ್ಪತ್ರೇಲಿ ಆಯಾ ಕೆಲ್ಸ, ಎರಡೇ ದಿನ ರಜ, ಅವತ್ತೇ ವಾಪಸ್ ರೈಲು. ಮಗಳ ದೀಕ್ಷಾಸ್ನಾನ ನೋಡೋಕೆ ಅಂತಲೇ ಬಂದಿದ್ದು. ನಮ್ಮ ಪ್ರಿನ್ಸಿಪಾಲ್ರು ದೇವದಾನಂ ಅಂತ, ಅವ್ರೂ ತೆಲುಗಿನೋರೇ. ‘ಯಾರಮ್ಮ ಮಾಡಿದ್ದು ಇದು? ಎರಡು ರಾತ್ರಿ ಎತ್ತಿನ ಗಾಡೀಲಿ ಪೀಪಾಯಿ ತರಿಸಿ ತುಂಬಿಸಿದ್ದು’ ಅಂದ್ರು. ನಾನೇ ಸಾರ್ ಅಂದೆ. ಯಾಕೆ ಅಂದ್ರು. ನೆಲ ತೊಳೆದೆ ಸಾರ್, ಮಿಕ್ಕಿದ್ದು ಊರಿಗೆ ಕೊಟ್ಟೆ ಅಂದೆ. ಅಷ್ಟು ಹೇಳೋದ್ರೊಳಗೆ ನಂಗೆ ಅರ್ಥ ಆಗಿಹೋಗಿತ್ತು, ಅವ್ರು ಮುಳುಗೋದು ಇದ್ರಲ್ಲೇ ಅಂತ. ಕಮಿಟಿ ಹಿರಿಯರೊಬ್ರು, ‘ಹೊರಗಿನೋರನ್ನ ಕೆಲ್ಸಕ್ಕೆ ತಗೋಬೇಡಿ ಅಂತ ಅವತ್ತೇ ಹೇಳಿದ್ದೆ. ಇವಳನ್ನ ಇವತ್ತೇ ಕಳಿಸಿ’ ಅಂದ್ರು. ಯಾರೋ, ಒಂದು ಚೊಂಬು ನೀರು ತಲೆ ಮೇಲೆ ಹಾಕಿದ್ರೆ ಆಗಲ್ವಾ ಅಂದ್ರು. ಪ್ರಿನ್ಸಿಪಾಲ್ರು ಇಲ್ಲ, ನಮ್ಮಲ್ಲಿ ಹಂಗಿಲ್ಲ ಅಂದ್ರು. ಆ ತಾಯಿ ಬೈಲಿಲ್ಲ ಕಣೇ. ಬೈದಿದ್ರೆ ಚೆನ್ನಾಗಿರ್ತಿತ್ತು. ತೊಟ್ಟಿ ನೋಡ್ತಾ ಸೆರಗಲ್ಲಿ ಕಣ್ಣೊರೆಸ್ಕೊಂಡ್ರು. ಆ ಮುಖ ನೋಡೋಕೆ ನನ್ನ ಕೈಲಿ ಆಗ್ಲಿಲ್ಲ.

ಸಾರ್ ಈಗ ಬಂದೆ ಅಂತ ಹೇಳಿ ಓಡಿದೆ. ಓಡೋವಾಗ ಒಂದೇ ಯೋಚ್ನೆ, ಇನ್ಯಾರಾದ್ರೂ ಹೇಳಿ ಅಪ್ಪನಿಗೆ ಗೊತ್ತಾಗೋದೂ ಒಂದೇ, ನಾನೇ ಹೇಳೋದೂ ಒಂದೇ, ಹೆಂಗಿದ್ರೂ ಮಾಗಡಿ. ಅಪ್ಪ ಎತ್ತಿಗೆ ಹುಲ್ಲು ಹಾಕ್ತಿದ್ರು. ‘ಅಪ್ಪ, ದೂರು ಬಂದೈತೆ’ ಅಂದೆ. ‘ಯಾರ ಮೇಲೆ?’ ‘ನನ್ನ ಮೇಲೆ.’ ‘ತಂದೋರು ಯಾರು?’ ‘ನಾನೇ.’ ಪೂರ್ತಿ ಹೇಳ್ದೆ, ಒಂದಕ್ಷರ ಬಿಡದೆ. ಹೇಳಿ, ‘ಬಾವಿ ನೀರು ಬೇಕಪ್ಪ’ ಅಂದೆ. ಅಪ್ಪ ಸೊಪ್ಪಿನ ಮಡಿ ಕಡೆ ನೋಡಿದ್ರು. ಇನ್ನು ಒಂದು ವಾರ ನೀರು ಬಿಟ್ಟಿದ್ರೆ ಕೊಯ್ಲಿಗೆ ಬರ್ತಿತ್ತು ಅದು. ಆಮೇಲೆ ಎತ್ತು ಬಿಚ್ಕೊಂಡು ಹೋಗಿ ಕಪಿಲೆಗೆ ಕಟ್ಟಿದ್ರು. ಕಪಿಲೆ ಅಂದ್ರೆ ಎತ್ತು ಎಳೆದು ಬಾವಿಯಿಂದ ಚರ್ಮದ ಚೀಲದಲ್ಲಿ ನೀರು ಎತ್ತೋದು. ‘ಹೋಗು, ನಿನ್ನೆ ತಗಂಡೋರನ್ನೆಲ್ಲ ಬಿಂದಿಗೆ ಸಮೇತ ಕರಿ’ ಅಂದ್ರು.

ಬಂದ್ರು. ಸುಮ್ನೆ ಬರ್ಲಿಲ್ಲ, ಗೊಣಗ್ಕೊಂಡೇ ಬಂದ್ರು. ತಿಮ್ಮಕ್ಕ ಸೊಂಟಕ್ಕೆ ಕೈ ಇಟ್ಕೊಂಡು, ‘ಅಲ್ಲ ಕಣಣ್ಣ, ಆ ನೀರಲ್ಲಿ ನಾನು ಮುದ್ದೆ ಬೇಯ್ಸಿ ಮನೆಮಂದಿಗೆಲ್ಲ ಇಕ್ಕಿದೀನಿ. ಈಗ ನಾವೂ ಆ ಜಾತಿ ಆದ್ವಾ?’ ಅಂದ್ರು. ಅಪ್ಪ, ‘ಮುದ್ದೆ ಬೆಂದಿತ್ತಾ?’ ‘ಬೆಂದಿತ್ತು.’ ‘ಹೊಟ್ಟೆ ತುಂಬ್ತಾ?’ ‘ತುಂಬ್ತು.’ ‘ಹಂಗಾರೆ ಬಿಂದಿಗೆ ಎತ್ತು’ ಅಂದ್ರು. ತಿಮ್ಮಕ್ಕ ಎತ್ತಿದ್ರು. ಅವ್ರು ಎತ್ತಿದ್ಮೇಲೆ ಮಿಕ್ಕೋರು ಸುಮ್ನಿರ್ತಾರಾ. ಬಾವಿಯಿಂದ ತೊಟ್ಟಿಗೆ, ತೊಟ್ಟಿಯಿಂದ ಬಾವಿಗೆ, ಬಿಸಿಲಲ್ಲಿ. ಅರ್ಧ ದಾರೀಲಿ ಹಾಸ್ಟೆಲ್ ಹುಡುಗೀರೂ ಸೇರ್ಕೊಂಡ್ರು, ಬಿಳಿ ಸೀರೆ ಎತ್ತಿ ಕಟ್ಕೊಂಡು ಎಸ್ತೇರೂ ಹೊತ್ಳು, ಅವಳ ತಾಯಿನೂ ಹೊತ್ರು. ಕಮಿಟಿ ಹಿರಿಯರು ಸ್ವಲ್ಪ ಹೊತ್ತು ನಿಂತು ನೋಡಿ, ಕೋಟು ಬಿಚ್ಚಿ ಬೆಂಚಿನ ಮೇಲಿಟ್ಟು ಒಂದು ಬಕೆಟ್ ಹಿಡ್ಕೊಂಡ್ರು. ಮೂರು ಗಂಟೆ ಹೊತ್ತಿಗೆ ನೀರು ಎದೆಮಟ್ಟ ಬಂತು. ಎಸ್ತೇರು ಮೆಟ್ಟಿಲು ಇಳಿದ್ಳು, ಪ್ರಿನ್ಸಿಪಾಲ್ರು ಬೆನ್ನಿಗೆ ಕೈ ಕೊಟ್ಟು ಮುಳುಗಿಸಿ ಎತ್ತಿದ್ರು. ಒಂದು ಗಳಿಗೆ, ಅಷ್ಟೇ. ನಮ್ಮೂರ ಹೆಂಗಸರು ಬೇಲಿ ಹತ್ರ ನಿಂತು ನೋಡಿದ್ರು. ತಿಮ್ಮಕ್ಕ, ‘ಇಷ್ಟೇನಾ?’ ಅಂದ್ರು. ಆ ತಾಯಿ ನನ್ನ ಕೈ ಹಿಡ್ಕೊಂಡು ತೆಲುಗಲ್ಲಿ ಏನೋ ಹೇಳಿ ಸ್ಟೇಷನ್ನಿಗೆ ಹೊರಟ್ರು. ಏನು ಹೇಳಿದ್ರೋ, ನಂಗೆ ಆಗ ತೆಲುಗು ಬರ್ತಿರ್ಲಿಲ್ಲ.

ಸೋಮವಾರ ಬೀಗದ ಕೈ ತಗೊಂಡು ಹೋಗಿ ಪ್ರಿನ್ಸಿಪಾಲ್ರ ಮೇಜಿನ ಮೇಲಿಟ್ಟೆ. ಅವ್ರು ಅದನ್ನ ನನ್ನ ಕಡೆಗೇ ತಳ್ಳಿ, ‘ನೀನು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ. ಇಬ್ರದ್ದೂ ತಪ್ಪು. ಹೋಗು, ಅಕ್ಕಿ ಅಳೆದು ಕೊಡು’ ಅಂದ್ರು. ಸರಿ, ಆ ಕಡೆ ಮುಗೀತು. ಮನೇಲಿ ಇನ್ನೂ ಮುಗಿದಿರ್ಲಿಲ್ವಲ್ಲ. ಮಾಗಡಿ ವಿಷ್ಯ ಹಂಗೇ ಬಾಕಿ ಇತ್ತು. ಆ ವಾರವೆಲ್ಲ ಬಾವಿಲಿ ನೀರು ಊರ್ಲಿಲ್ಲ, ಹರಿವೆ ಸೊಪ್ಪು ಮಡಿಯಲ್ಲೇ ಒಣಗಿ ಬಿತ್ತು. ಅಪ್ಪ ಅದನ್ನ ಕಿತ್ತು ಎತ್ತಿಗೆ ಹಾಕ್ತಿರೋವಾಗ ನಂಗೆ ತಡೀಲಿಲ್ಲ, ಹೋಗಿ ಕೇಳೇಬಿಟ್ಟೆ. ‘ಅಪ್ಪ, ನನ್ನ ಮಾಗಡಿಗೆ ಯಾವಾಗ ಕಳಿಸ್ತೀಯ?’ ಅಪ್ಪ ತಲೆ ಎತ್ತಲಿಲ್ಲ. ‘ಬೇರೆಯೋರು ಬಂದು ನಿನ್ನ ಮೇಲೆ ದೂರು ಹೇಳಿದ್ರೆ ಕಳಿಸ್ತಿದ್ದೆ ಕಣವ್ವ. ನೀನೇ ಬಂದು ಹೇಳ್ದೆ. ಇನ್ನು ನಿನ್ನ ಕಾಯೋ ಕೆಲ್ಸ ನಂಗಿಲ್ಲ. ಹೊತ್ತಾಯ್ತು, ಡ್ಯೂಟಿಗೆ ಹೋಗು’ ಅಂದ್ರು. ಮೂವತ್ತು ವರ್ಷ ಹೋದೆ. ನೀನೂ ನಾಳೆಯಿಂದ ಹೋಗ್ತೀಯ, ತಪ್ಪಂತೂ ಮಾಡೇ ಮಾಡ್ತೀಯ, ಮಾಡು. ಬೇರೆಯೋರ ಬಾಯಿಂದ ಮನೆಗೆ ಬರೋದಕ್ಕಿಂತ ಮುಂಚೆ ನೀನೇ ಬಂದು ಹೇಳ್ಬಿಡು, ಅಷ್ಟೇ. ಏಳು ಈಗ, ತಟ್ಟೆ ಹಾಕು.